ಅರ್ಧ ಸುತ್ತು

"ಇನ್ನೊಂದು ಸಲ ಎಳಿ," ಎಂದ ಮೇಸ್ತ್ರಿ.

ಮರದವನು ಮಷಿನ್ನಿನ ಹಿಂದಿನ ಹಿಡಿಯೊಳಗೆ ಬೂಟಿನ ತುದಿ ತೂರಿಸಿ ಸ್ಟಾರ್ಟರಿನ ದಾರ ಜಗ್ಗಿದ. ಮರ ಕೊಯ್ಯುವ ಆ ಮಷಿನ್ನು ಮೂರನೆಯ ಸಲಕ್ಕೆ ಎದ್ದು ಕಿರುಚತೊಡಗಿತು. ಅಂಗಡಿಯ ಮುಂದೆ ಪರೀಕ್ಷೆಗೆಂದೇ ಹಾಕಿದ್ದ ಹಳೆಯ ದಿಮ್ಮಿಗೆ ಚೈನು ತಾಗಿದ್ದೇ ತಡ, ದನಿ ಇಳಿದು, ಎರಡು ಸಲ ಕೆಮ್ಮಿ ನಿಂತುಹೋಯಿತು.

"ನೋಡಿದ್ರಾ? ಖಾಲಿ ಇದ್ದಾಗ ಊರೆಲ್ಲ ಕೇಳೋ ಹಾಗೆ ಕಿರುಚುತ್ತೆ. ಮರಕ್ಕೆ ಹಲ್ಲು ತಾಗಿದ ಕೂಡ್ಲೇ ಉಸಿರು ಬಿಡುತ್ತೆ. ಬಿಸಿ ಆದ್ಮೇಲಂತೂ ಜಪ್ಪಯ್ಯ ಅಂದ್ರೂ ಏಳಲ್ಲ. ನಿನ್ನೆ ಅರ್ಧ ಕೊಯ್ದ ಮರ ಕರೆಂಟ್ ತಂತಿ ಮೇಲೆ ವಾಲ್ಕೊಂಡು ನಿಂತಿತ್ತು ಮೇಸ್ತ್ರಿ. ಎದೆ ಬಾಯಿಗೆ ಬಂತು."

ಮೇಸ್ತ್ರಿ ಮಷಿನ್ನನ್ನು ಎತ್ತಿ ಮೇಜಿನ ಮೇಲಿಟ್ಟ. ಇಪ್ಪತ್ತು ದಿನದ ಹಿಂದೆ ತಾನೇ ಬಿಚ್ಚಿ, ತೊಳೆದು, ಶ್ರುತಿ ಹಿಡಿದು ಕೊಟ್ಟ ಮಷಿನ್ನು. ಹಾಗಾಗಿ ದೋಷ ತನ್ನ ಕೈಯದಲ್ಲ ಎಂಬುದು ಅವನಿಗೆ ಬಿಚ್ಚುವ ಮೊದಲೇ ಗೊತ್ತಿತ್ತು. ಊರಿನಲ್ಲಿ ಅವನನ್ನು ಕರೆಯುತ್ತಿದ್ದುದೇ ಕಿವಿ ಮೇಸ್ತ್ರಿ ಎಂದು. ಮೂವತ್ತೆರಡು ವರ್ಷದಿಂದ ಹುಲ್ಲು ಕತ್ತರಿಸುವ, ಔಷಧಿ ಹೊಡೆಯುವ, ಮರ ಕೊಯ್ಯುವ ಸಣ್ಣ ಎಂಜಿನ್ನುಗಳನ್ನು ಬರೀ ಕಿವಿಯಿಂದ ಸರಿಮಾಡುತ್ತ ಬಂದಿದ್ದ. ಕಾರ್ಬೊರೇಟರಿನ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಸ್ಕ್ರೂ ಒಂದಿರುತ್ತದೆ. ಒಳಕ್ಕೆ ತಿರುಗಿಸಿದರೆ ಪೆಟ್ರೋಲು ಕಡಿಮೆಯಾಗಿ ದನಿ ತೆಳ್ಳಗೆ ಮೇಲೇರುತ್ತದೆ, ಎಂಜಿನ್ನು ಕಾಯುತ್ತದೆ. ಹೊರಕ್ಕೆ ತಿರುಗಿಸಿದರೆ ಪೆಟ್ರೋಲು ಹೆಚ್ಚಾಗಿ ದನಿ ದಪ್ಪಗೆ ಗೊರಗೊರ ಅನ್ನುತ್ತದೆ. ಸರಿಯಾದ ಜಾಗ ನಡುವೆ ಎಲ್ಲೋ, ಕೂದಲೆಳೆಯಷ್ಟು ಅಗಲ. ಬೇರೆ ಅಂಗಡಿಯವರು ಅದಕ್ಕೆ ಎಂಜಿನ್ನಿನ ವೇಗ ಅಳೆಯುವ ಮೀಟರು ಇಟ್ಟುಕೊಂಡಿದ್ದರು. "ಮೀಟರ್ ಇಟ್ಕೊಂಡು ಮಷಿನ್ ನೋಡೋದು ಕನ್ನಡಕ ಹಾಕ್ಕೊಂಡು ನಿದ್ದೆ ಮಾಡಿದ ಹಾಗೆ," ಎಂದು ಮೇಸ್ತ್ರಿ ನಗುತ್ತಿದ್ದ, ಗಿರಾಕಿಗಳೂ ನಗುತ್ತಿದ್ದರು.

ಗಾಳಿಯ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದ. ಚೊಕ್ಕವಾಗಿತ್ತು. ಟ್ಯಾಂಕಿನೊಳಗಿನ ಫಿಲ್ಟರನ್ನು ತಂತಿ ಕೊಕ್ಕೆಯಿಂದ ಎಳೆದು ಊದಿ ನೋಡಿದ. ಉಸಿರು ಸಲೀಸಾಗಿ ಹೋಯಿತು. ಪ್ಲಗ್ ಬಿಚ್ಚಿದಾಗ ಅದರ ತುದಿ ಬೆಳ್ಳಗೆ ಬೆಂದ ಹಾಗಿತ್ತು. ಅದನ್ನು ಹೆಬ್ಬೆರಳಿನಿಂದ ಒರೆಸಿ ಬದಿಗಿಟ್ಟ. ಆಮೇಲೆ ಸೈಲೆನ್ಸರ್ ಕಳಚಿ, ಆ ತೂತಿನೊಳಕ್ಕೆ ಟಾರ್ಚು ಬಿಟ್ಟು ಬಗ್ಗಿದ. ಕನ್ನಡಿಯಂತಿರಬೇಕಾದ ಪಿಸ್ಟನ್ನಿನ ಮೈಮೇಲೆ ಬೆಕ್ಕು ಪರಚಿದಂತೆ ಉದ್ದುದ್ದ ಗೀರುಗಳು.

"ಎಣ್ಣೆ ಇಲ್ಲ," ಎಂದ ಮೇಸ್ತ್ರಿ. "ಬರೀ ಪೆಟ್ರೋಲಲ್ಲಿ ಓಡಿದೆ ಇದು. ಪೆಟ್ರೋಲಿಗೆ ಆಯಿಲ್ ಬೆರೆಸೋರು ಯಾರು?"

ಮರದವನು ರಸ್ತೆಯ ಆಚೆ ನಿಲ್ಲಿಸಿದ್ದ ವ್ಯಾನಿನ ಕಡೆ ನೋಡಿದ. ಅಲ್ಲಿ ಹಗ್ಗದವನು ದಪ್ಪ ಹಗ್ಗವನ್ನು ಮೊಣಕೈಗೆ ಸುತ್ತಿ ಸುತ್ತಿ ಜೋಡಿಸುತ್ತಿದ್ದ.

ಹಗ್ಗದವನು ಮರದವನ ಹೆಂಡತಿಯ ತಮ್ಮ. ಹನ್ನೊಂದು ವರ್ಷದಿಂದ ಒಬ್ಬ ಕೊಯ್ಯುವುದು, ಇನ್ನೊಬ್ಬ ಮರಕ್ಕೆ ಹಗ್ಗ ಬಿಗಿದು ಬೀಳಬೇಕಾದ ಕಡೆಗೆ ಎಳೆಯುವುದು. ಬುಡದಲ್ಲಿ ಬಗ್ಗಿ ಕೊಯ್ಯುವವನಿಗೆ ಮರದ ತಲೆ ಎತ್ತ ವಾಲುತ್ತಿದೆ ಎಂಬುದು ಕಾಣುವುದಿಲ್ಲ. ಅವನ ಜೀವ ಹಗ್ಗ ಹಿಡಿದವನ ಕೈಯಲ್ಲಿ. ಹಗ್ಗದವನಿಗೆ ಮೊದಲು ಕುಡಿತದ ಚಟವಿತ್ತು, ಮೂರು ವರ್ಷದ ಹಿಂದೆ ಬಿಟ್ಟಿದ್ದ. ಬಿಟ್ಟು ಒಂದು ವರ್ಷ ತುಂಬಿದ ದಿನ ಪೆಟ್ರೋಲಿನ ಡಬ್ಬಿಯನ್ನೂ ಅಳತೆಯ ಲೋಟವನ್ನೂ ಮರದವನು ಅವನ ಕೈಗೆ ಕೊಟ್ಟು, "ಇನ್ಮೇಲೆ ಇದು ನಿಂದು," ಎಂದಿದ್ದ. ಇದೆಲ್ಲ ಊರಿಗೇ ಗೊತ್ತಿದ್ದ ಸಂಗತಿ, ಮೇಸ್ತ್ರಿಗೂ ಗೊತ್ತಿತ್ತು.

"ಮನುಷ್ಯ ಅಂದ್ಮೇಲೆ ಕೈತಪ್ಪು ಆಗುತ್ತೆ, ಬಿಡಪ್ಪಾ," ಎಂದು ಅವನು ದೊಡ್ಡ ಮನಸ್ಸು ಮಾಡಿದ. ತಪ್ಪು ಹಿಡಿದವನಿಗೆ ದೊಡ್ಡ ಮನಸ್ಸು ಸಲೀಸಾಗಿ ಬರುತ್ತದೆ.

ಮರದವನದು ಮೊದಲಿನಿಂದಲೂ ಹಿತ್ತಾಳೆ ಕಿವಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಅದರಲ್ಲೂ ಹೇಳಿದವನು ಕಿವಿ ಮೇಸ್ತ್ರಿ. ಬಿರಬಿರನೆ ರಸ್ತೆ ದಾಟಿ ಭಾವಮೈದುನನ ಎದುರು ನಿಂತ.

"ಬಾಯಿ ತೆಗಿ."

"ಯಾಕ್ ಭಾವ?"

"ತೆಗಿ ಅಂದೆ."

ಹಗ್ಗದವನಿಗೆ ನಲವತ್ತು ದಾಟಿತ್ತು. ಮೊಣಕೈಯಲ್ಲಿ ಹಗ್ಗ ಹಾಗೇ ಇತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡುತ್ತಿರುವಾಗಲೇ ಅವನು ಬಾಯಿ ತೆರೆದ. ಮರದವನು ಮುಖ ಹತ್ತಿರ ತಂದು ಮೂಸಿದ.

"ಇವತ್ತು ಕುಡಿದಿಲ್ದೇ ಇರಬಹುದು. ಡಬ್ಬಿಗೆ ಎಣ್ಣೆ ಹಾಕದೆ ತಂದ್ಯಲ್ಲ, ಅವತ್ತು? ಎಣ್ಣೆ ಮರೆಯೋನು ನಾಳೆ ಹಗ್ಗ ಬಿಡಲ್ಲ ಅಂತ ನಾನು ಹ್ಯಾಗೆ ನಂಬಲಿ?"

ಹಗ್ಗದವನು ಏನೋ ಹೇಳಿದ. ಅದು ಮೇಸ್ತ್ರಿಗೆ ಕೇಳಲಿಲ್ಲ. ಹಗ್ಗವನ್ನು ಬಿಚ್ಚಿಕೊಂಡು ವ್ಯಾನಿನೊಳಗೆ ಮೆಲ್ಲಗೆ ಇಟ್ಟು ಅವನು ನಡೆದುಹೋದದ್ದು ಮಾತ್ರ ಕಂಡಿತು. ಅಂಗಡಿಯ ಹಿಂದೆಯೇ ಮನೆ. ನಡುವಿನ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿಯ ಹೆಂಡತಿ, "ಪಾಪ ಕಣ್ರೀ," ಎಂದಳು. "ಪಾಪ ಏನು ಬಂತು, ಮಷಿನ್ ಸುಳ್ಳು ಹೇಳುತ್ತಾ?" ಎಂದು ಅವನು ಸ್ಪಾನರ್ ಹುಡುಕತೊಡಗಿದ.

ಮರುದಿನ ಬೆಳಗ್ಗೆ ಹಗ್ಗದವನೇ ಬಂದ. ಕೈಯಲ್ಲಿ ಒಂದು ಗಾಜಿನ ಬಾಟಲಿ, ಅದರಲ್ಲಿ ತೆಳು ಕೆಂಪು ಬಣ್ಣದ ಪೆಟ್ರೋಲು.

"ಡಬ್ಬಿಯ ತಳದಲ್ಲಿ ಉಳಿದಿದ್ದು ಮೇಸ್ತ್ರಿ. ಎಣ್ಣೆ ಹಾಕಿದ್ರೆ ತಾನೇ ಕೆಂಪಗಿರೋದು? ಮೂಸಿ ನೋಡಿ, ಬೆರಳಿಗೆ ಹಚ್ಕೊಂಡು ನೋಡಿ."

"ಇವತ್ತು ಬೆರೆಸಿ ತಂದ್ರೆ ಅವತ್ತಿಂದು ಗೊತ್ತಾಗುತ್ತೇನಪ್ಪಾ?"

ಹಗ್ಗದವನ ಮುಖ ಸಣ್ಣದಾಯಿತು. ಬಾಟಲಿಯನ್ನು ಮೇಜಿನ ತುದಿಯಲ್ಲಿಟ್ಟ. "ನಾನು ಕುಡೀತಿದ್ದ ಕಾಲದಲ್ಲಿ ಸುಳ್ಳು ಹೇಳ್ತಿದ್ದೆ. ಈಗ ಹೇಳಲ್ಲ. ಅಕ್ಕ ಎರಡು ಹೊತ್ತಿಂದ ಊಟ ಬಿಟ್ಟಿದ್ದಾಳೆ. ನೀವು ಹೇಳಿದ್ರೆ ಭಾವ ಕೇಳ್ತಾನೆ. ಬೇರೆ ಏನಾದ್ರೂ ಆಗಿರಬಹುದು, ಇನ್ನೊಂದು ಸಲ ನೋಡ್ತೀನಿ ಅಂತ ಅಷ್ಟು ಹೇಳಿ ಸಾಕು."

"ಇಲ್ಲದ್ದನ್ನ ಇದೆ ಅನ್ನೋಕೆ ನನಗೆ ಬರಲ್ಲ," ಎಂದ ಮೇಸ್ತ್ರಿ.

ಹಗ್ಗದವನು ಬಾಟಲಿಯನ್ನು ತೆಗೆದುಕೊಂಡು ಹೋದ. ಅಷ್ಟು ಹೊತ್ತಿಗೆ ಮೇಸ್ತ್ರಿ ಕೆಟ್ಟ ಪಿಸ್ಟನ್ನನ್ನು ಹೊರತೆಗೆದು ಗುಜರಿ ಡಬ್ಬಕ್ಕೆ ಎಸೆದಾಗಿತ್ತು. ಹೊಸದನ್ನು ಕೂರಿಸಿ, ಮಷಿನ್ನು ಎಬ್ಬಿಸಿ, ಸ್ಕ್ರೂ ಡ್ರೈವರ್ ಹಿಡಿದು ಕಣ್ಣುಮುಚ್ಚಿದ. ದನಿ ಯಾಕೋ ಮಂಕಾಗಿತ್ತು, ಹೊದಿಕೆಯೊಳಗಿಂದ ಬಂದ ಹಾಗೆ. ಸ್ವಲ್ಪ ಒಳಕ್ಕೆ, ಇನ್ನೂ ಸ್ವಲ್ಪ ಒಳಕ್ಕೆ. ಕೊನೆಗೆ ತನಗೆ ನೆನಪಿದ್ದ ಆ ಹಳೆಯ ಸ್ವರ ಕೇಳಿದಾಗ ಅವನು ಕೈ ತೆಗೆದ. ಒಳಗೆ ಹೆಂಡತಿ ಅಡುಗೆಮನೆಯ ಕಿಟಕಿ ಎಳೆದುಕೊಂಡದ್ದು ಅವನಿಗೆ ತಿಳಿಯಲಿಲ್ಲ.

ಹನ್ನೆರಡು ದಿನ ಕಳೆದು ಮರದವನು ಮತ್ತೆ ಬಂದ. ಈ ಸಲ ಜೊತೆಯಲ್ಲಿ ಹೊಸ ಆಳೊಬ್ಬ, ಹಗ್ಗವನ್ನು ವ್ಯಾನಿನಲ್ಲಿ ಗಂಟುಗಂಟಾಗಿ ಸುರಿದುಕೊಂಡಿದ್ದ.

"ಅದೇ ರೋಗ ಮೇಸ್ತ್ರಿ. ಖಾಲಿ ಇದ್ರೆ ಕಿರುಚುತ್ತೆ, ಮರಕ್ಕಿಟ್ರೆ ಸಾಯುತ್ತೆ."

"ಎಣ್ಣೆ ಯಾರು ಬೆರೆಸಿದ್ದು?"

"ನಾನೇ. ಇದೇ ಕೈಯಲ್ಲಿ. ಒಂದಲ್ಲ, ಎರಡು ಸಲ ಅಳೆದು ಹಾಕಿದೀನಿ."

"ಬಿಟ್ಟು ಹೋಗು, ಸಂಜೆಗೆ ಬಾ," ಎಂದ ಮೇಸ್ತ್ರಿ. ಅವರು ಹೋದ ಮೇಲೆ ಸೈಲೆನ್ಸರ್ ಕಳಚಿ ಟಾರ್ಚು ಬಿಟ್ಟರೆ ಹೊಸ ಪಿಸ್ಟನ್ನಿನ ಮೈಯೂ ಹಾಗೇ ಪರಚಿಹೋಗಿತ್ತು. ಎಲ್ಲಿಂದಾದರೂ ಕಳ್ಳಗಾಳಿ ಒಳಗೆ ಹೋಗುತ್ತಿರಬೇಕು ಎಂದುಕೊಂಡು ಕಾರ್ಬೊರೇಟರಿನ ರಬ್ಬರನ್ನು ಬಗ್ಗಿಸಿ ತಿರುಚಿ ನೋಡಿದ. ಒಂದು ಸೀಳಿಲ್ಲ. ಎಂಜಿನ್ನಿನ ತೂತುಗಳನ್ನೆಲ್ಲ ಮುಚ್ಚಿ ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಮುಳುಗಿಸಿದ. ಗುಳ್ಳೆ ಏಳಲಿಲ್ಲ. ಹಾಗಾದರೆ ಉಳಿದದ್ದೇನು? ಮೇಸ್ತ್ರಿ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಬಹಳ ಹೊತ್ತು ಕೂತ. ಆಮೇಲೆ ಎದ್ದು ಗುಜರಿ ಡಬ್ಬವನ್ನು ನೆಲಕ್ಕೆ ಸುರಿದು ಹಳೆಯ ಪಿಸ್ಟನ್ನನ್ನು ಹುಡುಕಿದ.

ಎಣ್ಣೆಯಿಲ್ಲದೆ ಓಡಿದ ಪಿಸ್ಟನ್ನು ಸುತ್ತಲೂ ಗೀರುತ್ತದೆ. ಪೆಟ್ರೋಲು ಸಾಲದೆ ಕಾದು ಬೆಂದದ್ದು ಸೈಲೆನ್ಸರಿನ ಕಡೆ ಮಾತ್ರ ಗೀರುತ್ತದೆ. ಇದು ಕೆಲಸ ಕಲಿಯುವವನಿಗೆ ಮೊದಲ ವರ್ಷ ಹೇಳಿಕೊಡುವ ಪಾಠ. ಕೈಯಲ್ಲಿದ್ದ ಪಿಸ್ಟನ್ನನ್ನು ಅವನು ತಿರುಗಿಸಿ ನೋಡಿದ. ಒಂದು ಕಡೆ ಗೀರು, ಇನ್ನೊಂದು ಕಡೆ ಕನ್ನಡಿ. ಹೊರತೆಗೆದ ದಿನವೂ ಅದು ಹೀಗೇ ಇತ್ತು. ತಿರುಗಿಸಿ ನೋಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ, ಅಷ್ಟೆ.

ಸ್ಕ್ರೂ ಡ್ರೈವರ್ ತೆಗೆದುಕೊಂಡು ಆ ಅಕ್ಕಿಕಾಳಿನ ಸ್ಕ್ರೂವನ್ನು ತಳ ಮುಟ್ಟುವವರೆಗೆ ಒಳಕ್ಕೆ ತಿರುಗಿಸುತ್ತ ಎಣಿಸಿದ. ಅರ್ಧ ಸುತ್ತಿಗೇ ತಳ ಸಿಕ್ಕಿತು. ಒಂದು ಸುತ್ತಿನ ಮೇಲಿರಬೇಕಾದದ್ದು ಅರ್ಧ ಸುತ್ತು. ಅದನ್ನು ಅವನ ಹೊರತು ಮತ್ತೊಬ್ಬ ಮುಟ್ಟಿರಲಿಲ್ಲ.

"ಅವತ್ತು ನೀವು ಸ್ಕ್ರೂ ತಿರುಗಿಸಿದಾಗ್ಲೇ ಕಿರುಚ್ತಿತ್ತು," ಎಂದಳು ಹೆಂಡತಿ ಬಾಗಿಲಿನಿಂದ. ಅವಳು ಬಂದು ನಿಂತದ್ದು ಅವನಿಗೆ ಗೊತ್ತಾಗಿರಲಿಲ್ಲ.

"ಮತ್ತೆ ಹೇಳಬಾರದಿತ್ತಾ?"

"ಹೇಳಿದ್ರೆ ಕೇಳ್ತಿದ್ರಾ? ಫೋನ್ ಹೊಡ್ಕೊಳ್ತಾ ಇದೆ ಅಂದ್ರೆ, ನೀನು ಗುನುಗೋದು ಬಿಟ್ಟು ಬಾಯಿಬಿಟ್ಟು ಮಾತಾಡು ಅಂತೀರಿ. ಒಂದು ವರ್ಷದಿಂದ ನಾನು ಬಾಯಿಬಿಟ್ಟೇ ಮಾತಾಡ್ತಿದೀನಿ."

ಅವನಿಗೆ ಸಿಟ್ಟು ಬಂತು. ಗೋಡೆಗೆ ತೂಗುಹಾಕಿದ್ದ, ಯಾವ ರೋಗವೂ ಇಲ್ಲದ ಇನ್ನೊಂದು ಮಷಿನ್ನನ್ನು ಇಳಿಸಿ ಎಬ್ಬಿಸಿದ. ಕಣ್ಣುಮುಚ್ಚಿ ಸ್ಕ್ರೂ ತಿರುಗಿಸಿದ. ನೆನಪಿನ ಸ್ವರ ಸಿಕ್ಕಿತೆಂದು ಕಣ್ಣುಬಿಟ್ಟರೆ ಹೆಂಡತಿ ಎರಡೂ ಕಿವಿಗೆ ಬೆರಳು ತುರುಕಿಕೊಂಡು ಹಲ್ಲು ಕಚ್ಚಿ ನಿಂತಿದ್ದಳು. ಅವಳನ್ನೇ ನೋಡುತ್ತ ಹೊರಕ್ಕೆ ತಿರುಗಿಸಿದ. ದನಿ ಅವನಿಗೆ ದಪ್ಪವಾಯಿತು, ಕಫ ಕಟ್ಟಿದವನ ಗಂಟಲಾಯಿತು. ಅಲ್ಲಿ ಅವಳು ಬೆರಳು ತೆಗೆದು ಕೈಯೆತ್ತಿದಳು: ಇಲ್ಲಿ, ಸಾಕು. ಮೂವತ್ತು ವರ್ಷ ಈ ಸದ್ದಿನ ಹಿಂದೆ ಸಂಸಾರ ಮಾಡಿದವಳು. ಯಾರೂ ಅವಳನ್ನು ಒಂದು ದಿನವೂ ಕೇಳಿರಲಿಲ್ಲ.

ಮಷಿನ್ನು ನಿಲ್ಲಿಸಿ ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದ. ಕುಣಿಯಲಾರದವಳು ನೆಲ ಡೊಂಕು ಅಂದ ಗಾದೆಯನ್ನು ಎಷ್ಟು ಗಿರಾಕಿಗಳಿಗೆ ಹೇಳಿ ನಕ್ಕಿದ್ದನೋ.

"ಹೋಗಿ ಹೇಳಿ," ಎಂದಳು ಹೆಂಡತಿ.

"ಹೇಳ್ತೀನಿ."

ಸಂಜೆಯ ಹೊತ್ತಿಗೆ ಮತ್ತೊಂದು ಹೊಸ ಪಿಸ್ಟನ್ನು ಕೂರಿಸಿ, ಹೆಂಡತಿಯ ಕೈ ನೋಡಿಕೊಂಡು ಶ್ರುತಿ ಹಿಡಿದಿಟ್ಟ. ಮರದವನು ಬಂದು ದಿಮ್ಮಿಗೆ ಚೈನು ಇಟ್ಟರೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಅವನ ಮುಖ ಅರಳಿತು.

"ಏನಾಗಿತ್ತು ಮೇಸ್ತ್ರಿ?"

ಹೇಳಬೇಕೆಂದೇ ಮೇಸ್ತ್ರಿ ಬಾಯಿ ತೆರೆದ. "ಹೋದ ಸಲ ಹಾಕಿದ ಪಿಸ್ಟನ್ನು ಡೂಪ್ಲಿಕೇಟ್ ಮಾಲು," ಎಂಬ ಮಾತು ಹೊರಬಂತು.

ಮರದವನು ಮಷಿನ್ನು ಎತ್ತಿಕೊಂಡ. ಎರಡು ಹೆಜ್ಜೆ ಹೋಗಿ ನಿಂತ. ಏನನ್ನೋ ಕೇಳಲೋ ಬೇಡವೋ ಎಂಬಂತೆ ತಲೆ ತಗ್ಗಿಸಿ, "ಅದಕ್ಕೂ ಮುಂಚಿಂದು? ಮೊದಲನೇದು?" ಎಂದ. "ಅದು ಎಣ್ಣೆ ಇಲ್ಲದೇನೇ ತಾನೆ ಹೋಗಿದ್ದು?"

ಇಷ್ಟು ಸಲೀಸಾದ ಬಾಗಿಲು ಮತ್ತೆ ತೆರೆಯುವುದಿಲ್ಲವೆಂದು ಮೇಸ್ತ್ರಿಗೆ ಗೊತ್ತಿತ್ತು. ಹಿಂದೆ ಹೆಂಡತಿ ನಿಂತಿದ್ದಾಳೆಂದೂ ಗೊತ್ತಿತ್ತು.

"ಹೌದು," ಎಂದ. "ಅದು ಎಣ್ಣೆ."

ಮರದವನು ನಿಟ್ಟುಸಿರು ಬಿಟ್ಟ. ಹೊರೆ ಇಳಿದವನ ಉಸಿರು ಅದು. ತಾನು ಮಾಡಿದ್ದು ಸರಿಯೇ ಎಂದು ಕೇಳಿಸಿಕೊಳ್ಳಲು ಬಂದಿದ್ದ, ಕೇಳಿಸಿಕೊಂಡು ಹೋದ.

ಆ ಮೇಲಿನ ಎಂಟು ದಿನ ಅಂಗಡಿ ನಡೆಯಿತು. ಮಷಿನ್ನು ಬಂದಾಗಲೆಲ್ಲ ಹೆಂಡತಿ ನಡುಬಾಗಿಲಲ್ಲಿ ಬಂದು ನಿಲ್ಲುವಳು. ಸರಿಯಾದ ಜಾಗ ಬಂದಾಗ ಕೈಯೆತ್ತುವಳು. ಸ್ಕ್ರೂವಿನ ಸುತ್ತು ಎಣಿಸಿ ಕೂರಿಸೋಣವೆಂದರೆ ಒಂದೊಂದು ಮಷಿನ್ನಿಗೆ ಒಂದೊಂದು ಲೆಕ್ಕ. ಮೀಟರು ತರೋಣವೆಂದರೆ, ಕಿವಿ ಮೇಸ್ತ್ರಿಯ ಮೇಜಿನ ಮೇಲೆ ಮೀಟರು ಯಾಕೆ ಬಂತೆಂದು ಕೇಳದ ಗಿರಾಕಿ ಯಾರಿದ್ದಾರೆ? ಮೇಸ್ತ್ರಿ ಕಣ್ಣುಮುಚ್ಚಿದಂತೆ ನಟಿಸುತ್ತ ರೆಪ್ಪೆಯ ಸಂದಿಯಿಂದ ಅವಳ ಕೈ ನೋಡುತ್ತಿದ್ದ. ಗಿರಾಕಿಗಳು ತಲೆದೂಗುತ್ತಿದ್ದರು. ಅವಳು ಕೆಲಸಕ್ಕೆ ಬೇಕಾದಷ್ಟು ಕೈ ಎತ್ತುತ್ತಿದ್ದಳು, ಮಾತು ಮಾತ್ರ ದಿನಕ್ಕೆ ಒಂದೇ: "ಹೇಳಿದ್ರಾ?"

ಒಂಬತ್ತನೆಯ ದಿನ ಮಧ್ಯಾಹ್ನ ಅವನು ಚಪ್ಪಲಿ ಮೆಟ್ಟಿ ಹೊರಟ.

ಹಗ್ಗದವನು ಈಗ ಊರಾಚೆಯ ಮರದ ಡಿಪೋದಲ್ಲಿ ದಿಮ್ಮಿ ಉರುಳಿಸುತ್ತಿದ್ದ. ಇಬ್ಬರು ಮಾಡುವ ಕೆಲಸವನ್ನು ಉದ್ದನೆಯ ಕಬ್ಬಿಣದ ಕೊಕ್ಕೆ ಹಾಕಿ ಒಬ್ಬನೇ ಮಾಡುತ್ತಿದ್ದ. ಮೇಸ್ತ್ರಿಯನ್ನು ಕಂಡು ಕೊಕ್ಕೆ ಊರಿ ನಿಂತ. ಗದ್ದಲದಿಂದ ದೂರಕ್ಕೆ, ತೊಗಟೆಯ ರಾಶಿಯ ಹಿಂದಕ್ಕೆ ಕರೆದೊಯ್ದು, ಅಲ್ಲಿ ಕೂರಲು ಒಂದು ತುಂಡು ಮರ ತೋರಿಸಿದ.

ಮೇಸ್ತ್ರಿ ಕೂರಲಿಲ್ಲ. ನಿಂತೇ ಹೇಳಿದ. ಸ್ಕ್ರೂ, ಅರ್ಧ ಸುತ್ತು, ಗೀರು, ಕಿವಿ. ಹೇಳುತ್ತ ಹೇಳುತ್ತ ಹಗ್ಗದವನ ಮುಖದ ಹತ್ತಿರ ಹೋಗಿದ್ದ. ತನ್ನ ಮೂಗು ತಾನೇ ಮುಂದಾಗಿ ಅವನ ಉಸಿರನ್ನು ಹುಡುಕುತ್ತಿದೆ ಎಂದು ಗೊತ್ತಾದಾಗ ತಡವಾಗಿತ್ತು.

"ಇಲ್ಲ," ಎಂದ ಹಗ್ಗದವನು. "ಇನ್ನೂ ಇಲ್ಲ. ದಿನಾ ಬ್ರಾಂದಿ ಅಂಗಡಿ ಮುಂದೇನೇ ಹೋಗ್ತೀನಿ. ಇನ್ನೂ ಒಳಗೆ ಹೋಗಿಲ್ಲ."

ಮೇಸ್ತ್ರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ನನ್ನದು ತಪ್ಪಾಯ್ತು ಕಣಪ್ಪಾ," ಎಂದ.

"ನಾನು ಎಣ್ಣೆ ಹಾಕಿದ್ದೆ ಅಂತ ನನಗೆ ಗೊತ್ತಿತ್ತು ಮೇಸ್ತ್ರಿ. ನನಗೆ ಹೇಳಿ ಏನು ಬಂತು? ಭಾವನ ಮುಂದೆ ಹೇಳಿ. ಅಕ್ಕನೂ ಇರಲಿ. ಈಗ್ಲೇ ನಡೀರಿ, ನಾನೂ ಬರ್ತೀನಿ. ಇವರು ಅರ್ಧ ದಿನ ಬಿಡ್ತಾರೆ." ಆಗಲೇ ಅವನು ಕೈಯ ಮಣ್ಣು ಕೊಡವಿ, ಬೇಲಿಯ ಮೇಲಿದ್ದ ಅಂಗಿಯನ್ನು ತೆಗೆದುಕೊಂಡು ತೋಳು ತೂರಿಸಿದ್ದ.

"ಇವತ್ತು ಬೇಡ," ಎಂದ ಮೇಸ್ತ್ರಿ.

ಅರ್ಧ ತೂರಿಸಿದ ತೋಳು ಅಲ್ಲೇ ನಿಂತಿತು.

"ನಿನ್ನ ಭಾವನ ಬಾಯಿ ನಿನಗೆ ಗೊತ್ತಲ್ಲ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ. ಕಿವಿ ಹೋಗಿದೆ ಅಂದ್ರೆ ನನ್ನ ಹತ್ರ ಮಷಿನ್ ಯಾರು ತರ್ತಾರೆ? ಈ ವಯಸ್ಸಲ್ಲಿ ನಾನು ಬೇರೆ ಏನು ಮಾಡ್ಲಿ? ಸಮಯ ನೋಡಿ ಹೇಳ್ತೀನಿ. ನಾಳೆ, ನಾಡಿದ್ದು."

ಹಗ್ಗದವನು ಅಂಗಿಯನ್ನು ಕಳಚಿ ಮತ್ತೆ ಬೇಲಿಯ ಮೇಲೆ ಹಾಕಿದ. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಮೇಸ್ತ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಾಳೆ ಅಂತ ನಾನೂ ಎಂಟು ವರ್ಷ ಹೇಳಿದೆ ಮೇಸ್ತ್ರಿ, ಕುಡಿಯೋದು ಬಿಡ್ತೀನಿ ಅಂತ. ಅಕ್ಕ ಪ್ರತಿ ಸಲ ನಂಬ್ತಿದ್ಲು," ಎಂದು ಕೊಕ್ಕೆ ಎತ್ತಿಕೊಂಡು ದಿಮ್ಮಿಯ ಕಡೆ ಹೋದ.

ಮೇಸ್ತ್ರಿ ಬಿಸಿಲಲ್ಲಿ ನಡೆದು ಬಂದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದೇ ಅನ್ನುತ್ತಾರೆ. ಅವನು ಕೊಯ್ದದ್ದು ಕೋಪದಲ್ಲೂ ಅಲ್ಲ, ಜಂಬದಲ್ಲಿ. ತಪ್ಪು ಒಪ್ಪಿಕೊಂಡರೆ ಹಗುರವಾಗುತ್ತದೆಂದು ಹೇಳಿದವರು ಯಾರೋ ಸುಳ್ಳರು ಎಂದುಕೊಂಡ. ಒಪ್ಪಿಕೊಳ್ಳಬೇಕಾದ ಕಡೆ ಒಪ್ಪಿಕೊಂಡಿಲ್ಲ ಎಂಬುದನ್ನು ಮಾತ್ರ ಅವನ ಮನಸ್ಸು ದಾರಿಯುದ್ದಕ್ಕೂ ಬಳಸಿಕೊಂಡು ಹೋಗುತ್ತಿತ್ತು.

ಅಂಗಡಿಯ ಮುಂದೆ ಬಡಗಿಯೊಬ್ಬ ಮಷಿನ್ನು ಹಿಡಿದು ಕಾಯುತ್ತಿದ್ದ. ಹೆಂಡತಿ ನೀರಿನ ಲೋಟ ತಂದುಕೊಟ್ಟಳು.

"ಹೇಳಿದ್ರಾ?"

"ಹೂಂ."

"ಯಾರಿಗೆ?"

ಮೇಸ್ತ್ರಿ ನೀರು ಕುಡಿದ. "ಅವನಿಗೇ. ಅವನಿಗೆ ತಾನೆ ಹೇಳಬೇಕಾಗಿದ್ದು?"

"ಅವನ ಭಾವನಿಗೆ?"

"ಗಿರಾಕಿ ಕಾಯ್ತಿದಾನೆ, ಕಾಣಲ್ವಾ?"

ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಬಡಗಿ ತನ್ನ ಮಷಿನ್ನಿನ ಕಾಯಿಲೆ ಹೇಳಿದ. ಧೂಳು ತುಂಬಿದ ಫಿಲ್ಟರು, ಮಸಿ ಕಟ್ಟಿದ ಪ್ಲಗ್ಗು, ಸಣ್ಣ ಕೆಲಸ. ಎಲ್ಲ ತೊಳೆದು ಜೋಡಿಸಿ ಮೇಸ್ತ್ರಿ ಮಷಿನ್ನು ಎಬ್ಬಿಸಿದ. ಸ್ಕ್ರೂ ಡ್ರೈವರ್ ಇಟ್ಟು, ಎಂದಿನಂತೆ ಕಣ್ಣು ಮುಚ್ಚಿ, ರೆಪ್ಪೆಯ ಸಂದಿಯಿಂದ ನಡುಬಾಗಿಲ ಕಡೆ ನೋಡಿದ.

ಅವಳು ಬಂದು ನಿಂತಿದ್ದಳು. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡಿದ್ದಳು.

ಅವನು ಸ್ವಲ್ಪ ಒಳಕ್ಕೆ ತಿರುಗಿಸಿದ. ಅವಳ ಮುಖ ಅಲ್ಲಾಡಲಿಲ್ಲ. ಹೊರಕ್ಕೆ ತಿರುಗಿಸಿದ. ಅಲ್ಲಾಡಲಿಲ್ಲ. ನಟನೆ ಬಿಟ್ಟು ಪೂರಾ ಕಣ್ಣು ತೆರೆದು, ಕೇಳಿಕೊಳ್ಳುವವನ ಹಾಗೆ ಅವಳನ್ನು ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು.

"ಆಯ್ತಾ ಮೇಸ್ತ್ರಿ?" ಎಂದು ಬಡಗಿ ಗಂಟಲು ಹರಿದುಕೊಂಡು ಕೇಳಿದ.

ಮಷಿನ್ನು ಓಡುತ್ತಲೇ ಇತ್ತು. ಸ್ಕ್ರೂ ಡ್ರೈವರಿನ ತುದಿ ಸ್ಕ್ರೂವಿನ ಗೀರಿನಲ್ಲಿ ಕೂತಿತ್ತು. ಮೇಸ್ತ್ರಿ ಅದನ್ನು ಈಚೆಗೂ ತಿರುಗಿಸಲಿಲ್ಲ, ಆಚೆಗೂ ತಿರುಗಿಸಲಿಲ್ಲ.